ಹುಡುಕುವುದಲ್ಲ, ಹೆಣೆಯುವುದು

ಕೇಳುಗರಿಗೆ ನಮಸ್ಕಾರ. ಇವತ್ತಿನ ವಿಷಯ ಜನರೇಟಿವ್ ಎಐ. ಕನ್ನಡದಲ್ಲಿ ಕೆಲವರು ಇದನ್ನು ‘ಸೃಜನಶೀಲ ಕೃತಕ ಬುದ್ಧಿಮತ್ತೆ’ ಎನ್ನುತ್ತಾರೆ. ಸೃಜನಶೀಲ ಅಂದ ಕೂಡಲೇ ಕವಿಗಳು ನೆನಪಾಗುತ್ತಾರೆ. ನನಗೆ ‘ಉತ್ಪಾದಕ’ ಎಂಬ ಒಣ ಪದವೇ ಸಾಕು. ಬರಹ, ಚಿತ್ರ, ದನಿ ಇವನ್ನು ಅದು ಹೆಣೆದು ಕೊಡುತ್ತದೆ. ಎಲ್ಲಿಂದಲೋ ಹುಡುಕಿ ತರುವುದಿಲ್ಲ. ಇದೊಂದು ಮಾತು ನಿಮಗೆ ನೆನಪುಳಿದರೆ ನಾನು ಬಂದದ್ದು ಸಾರ್ಥಕ.

1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ಕ್ಲಾಡ್ ಶ್ಯಾನನ್ ಒಂದು ಆಟ ತೋರಿಸಿದರು. ಅದಕ್ಕೆ ಕಂಪ್ಯೂಟರ್ ಬೇಡ, ಪುಸ್ತಕವಿದ್ದರೆ ಸಾಕು. ಕಣ್ಮುಚ್ಚಿ ಒಂದು ಪುಟ ತೆರೆಯಿರಿ, ಒಂದು ಪದ ಆರಿಸಿ. ‘ಮಳೆ’ ಸಿಕ್ಕಿತು ಅನ್ನಿ, ಬರೆದುಕೊಳ್ಳಿ. ಬೇರೆ ಪುಟ ತೆರೆದು ಮತ್ತೆ ‘ಮಳೆ’ ಸಿಗುವ ತನಕ ಓದಿ. ಅದರ ಪಕ್ಕದ ಪದ ‘ಬಂದು’. ಅದನ್ನೂ ಬರೆದುಕೊಳ್ಳಿ. ಇನ್ನೊಂದು ಕಡೆ ತೆರೆದು ‘ಬಂದು’ ಹುಡುಕಿ, ಅದರ ಮುಂದಿನದು... ಹೀಗೇ. ನನ್ನ ವಿದ್ಯಾರ್ಥಿಗಳಿಂದ ಇದನ್ನು ಎಷ್ಟು ಸಲ ಮಾಡಿಸಿದ್ದೇನೋ! ಒಮ್ಮೆ ಬಂದ ಸಾಲು: ‘ಮಳೆ ಬಂದು ನಿಂತ ರಾಜ ತನ್ನ ಬಾಲ ಅಲ್ಲಾಡಿಸುತ್ತ ಹೊರಟ.’ ತರಗತಿಯೆಲ್ಲ ನಕ್ಕಿತು. ಆದರೆ ನೋಡಿ, ವ್ಯಾಕರಣ ಸರಿಯಾಗಿದೆ. ಆ ವಾಕ್ಯವೋ, ನಾವು ತೆರೆದ ಪುಸ್ತಕದಲ್ಲಿ ಎಲ್ಲೂ ಇಲ್ಲ. ಯಾರೂ ಹುಡುಕಿ ತಂದದ್ದಲ್ಲ, ಹೆಣೆದದ್ದು.

ಇವತ್ತಿನ ಯಂತ್ರ ಹಿಂದಿನ ಒಂದು ಪದವನ್ನಲ್ಲ, ಸಾವಿರಾರು ಪದಗಳನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. 2020ರ ಜಿಪಿಟಿ-3 ಎಂಬ ಇಂಥದೊಂದು ಯಂತ್ರದೊಳಗೆ, ಈ ಊಹೆಗೆಂದು ರಾಶಿ ಬರಹ ಓದಿ ತಿದ್ದಿಕೊಂಡ 17,500 ಕೋಟಿ ಅಂಕಿಗಳಿದ್ದವು. ಹಾಗಾಗಿ ರಾಜನಿಗೆ ಬಾಲ ಬರುವುದಿಲ್ಲ, ಅಷ್ಟೇ. ಜಿಪಿಟಿಯ ‘ಜಿ’ ಅಂದರೂ ಜನರೇಟಿವ್ ಎಂದೇ. ಚಿತ್ರಗಳದ್ದು ಬೇರೆ ದಾರಿ, ಅದಕ್ಕೆ ಈಗ ಹೊತ್ತಿಲ್ಲ.

ಇನ್ನು ಹೆಸರಿನ ಗೊಂದಲ. ಬೇಡದ ಮಿಂಚಂಚೆಯನ್ನು ಬೇರ್ಪಡಿಸುವುದೂ ಎಐ, ಫೋನು ನಿಮ್ಮ ಮುಖ ಗುರುತಿಸುವುದೂ ಎಐ. ಅವು ವಿಂಗಡಿಸುತ್ತವೆ, ಗುರುತಿಸುತ್ತವೆ, ಹೊಸದೇನನ್ನೂ ಮಾಡುವುದಿಲ್ಲ. ಅವು ಜನರೇಟಿವ್ ಅಲ್ಲ. ಮಾರುವವರು ಎಲ್ಲಕ್ಕೂ ಒಂದೇ ಚೀಟಿ ಅಂಟಿಸಿದರೆ ನಾವೂ ಅದನ್ನೇ ಓದಬೇಕೇ?

ನನ್ನ ಸ್ನೇಹಿತರೊಬ್ಬರು ಯಂತ್ರವನ್ನು ಐದು ಪುಸ್ತಕಗಳ ಹೆಸರು ಕೇಳಿದರು. ಅದು ಲೇಖಕರ ಸಮೇತ ಕೊಟ್ಟಿತು. ಗ್ರಂಥಾಲಯಕ್ಕೆ ಹೋದರೆ ಅದರಲ್ಲಿ ಮೂರು ಪುಸ್ತಕಗಳನ್ನು ಯಾರೂ ಬರೆದೇ ಇಲ್ಲ! ‘ಸುಳ್ಳು ಹೇಳಿತಲ್ಲ’ ಎಂದು ಇವರಿಗೆ ಸಿಟ್ಟು. ಸುಳ್ಳು ಹೇಳುವುದಕ್ಕೆ ಮೊದಲು ನಿಜ ಗೊತ್ತಿರಬೇಕಲ್ಲ, ಸ್ವಾಮಿ? ಅದು ಪುಸ್ತಕದ ಹೆಸರಿನಂಥ ಹೆಸರು ಹೆಣೆಯಿತು. ಈಗೀಗ ಜೊತೆಗೊಂದು ಹುಡುಕುವ ಸಾಧನವನ್ನೂ ಕಟ್ಟಿರುತ್ತಾರೆ. ಆಗಲೂ ಉತ್ತರ ಹೆಣೆಯುವುದು ಇದೇ ಯಂತ್ರ.

ದನಿಯ ನಕಲಿನ ಬಗ್ಗೆಯೂ ಹೇಳಬೇಕೆಂದಿದ್ದೆ. ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ನಮಸ್ಕಾರ.