ಇಲ್ಲಿ ಊಟಕ್ಕೆ ಕೂತವರು ಯಾರು?

ನಮಸ್ಕಾರ. ಈ ಸ್ಟುಡಿಯೋದಲ್ಲಿ ನನಗೆ ಕೊಟ್ಟಿರುವುದು ಬರೀ 10 ನಿಮಿಷ. ಮೇಜಿನ ಮೇಲೆ ನಿಮ್ಮ ಪತ್ರಗಳ ದೊಡ್ಡ ಕಟ್ಟೇ ಇದೆ. ದೋಸೆ ಹಿಟ್ಟು ಯಾಕೆ ಉಬ್ಬಲಿಲ್ಲ? ಹಾಲು ಯಾಕೆ ಹೆಪ್ಪುಗಟ್ಟಲಿಲ್ಲ? ಸೊಳ್ಳೆ ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತೆ? ಹಾವು ಹಾಲು ಕುಡಿಯುತ್ತಾ? ಹೇಳುತ್ತೇನೆ. ಆದರೆ ಒಂದು ಷರತ್ತು. ನನ್ನನ್ನು ಕೇಳುವ ಮೊದಲು ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಇಲ್ಲಿ ಊಟಕ್ಕೆ ಕೂತವರು ಯಾರು? ಇಷ್ಟು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಹುಡುಗರು ಏನೇ ಕೇಳಿದರೂ ತಿರುಗಿ ನಾನು ಕೇಳುತ್ತಿದ್ದದ್ದು ಇದನ್ನೇ.

ಮೊದಲು ದೋಸೆ ಹಿಟ್ಟು. ಪತ್ರಗಳಲ್ಲಿ ಅದೇ ಜಾಸ್ತಿ.

ಕೊಪ್ಪದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಒಂದು ವರ್ಷ ಡಿಸೆಂಬರ್ ರಜೆಗೆ ಹೋಗಿದ್ದೆ. ಮಲೆನಾಡಿನ ಚಳಿ ಗೊತ್ತಲ್ಲ, ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಿಂದ ಇಳಿಯುವುದಿಲ್ಲ. ಅಡುಗೆಮನೆಯಲ್ಲಿ ದೊಡ್ಡಮ್ಮನ ಮುಖ ಊದಿಕೊಂಡಿತ್ತು. "ನೀನು ಓದಿದವನು, ನೀನೇ ಹೇಳು ಮಾರಾಯ. ಇವಳ ಕೈಯಲ್ಲಿ ರುಬ್ಬಿದರೆ ಹಿಟ್ಟು ಉಬ್ಬುವುದೇ ಇಲ್ಲ. ಕೈಗುಣ ಇಲ್ಲ." ಇವಳು ಅಂದರೆ ಹೊಸದಾಗಿ ಬಂದ ಸೊಸೆ, ನನಗೆ ಅತ್ತಿಗೆ. ಅತ್ತಿಗೆ ಮಾತಾಡಲಿಲ್ಲ. ಕಾವಲಿಯ ಮೇಲೆ ರೊಟ್ಟಿಯಂಥ ದೋಸೆ ಎಬ್ಬುತ್ತಾ ನಿಂತಿದ್ದರು.

ಸುತ್ತಲೂ ನೋಡಿದೆ. ಆ ಮನೆಗೆ ಸೊಸೆ ಬಂದ ವರ್ಷವೇ ಗ್ಯಾಸೂ ಬಂದಿತ್ತು. ಹಳೇ ಸೌದೆ ಒಲೆ ಕಿತ್ತು ಹಾಕಿ ಕರಿಕಲ್ಲಿನ ಕಟ್ಟೆ ಕಟ್ಟಿಸಿದ್ದರು. ಮುಂಚೆ ದೊಡ್ಡಮ್ಮ ರುಬ್ಬಿದ ಹಿಟ್ಟು ರಾತ್ರಿಯಿಡೀ ಒಲೆಯ ಪಕ್ಕ ಬೆಚ್ಚಗೆ ಇರುತ್ತಿತ್ತು. ಈಗ ಅದು ಕಿಟಕಿ ಕೆಳಗೆ ತಣ್ಣನೆ ಕಲ್ಲಿನ ಮೇಲೆ. ಒಲೆ ಹೋಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಸೊಸೆ ಬಂದಿದ್ದು ಬಿತ್ತು.

ಸರಿ, ಪರೀಕ್ಷೆ ಮಾಡೋಣ ಅಂದೆ. ಒಂದೇ ಪಾತ್ರೆಯಲ್ಲಿ ನೆನೆಸಿದ ಅಕ್ಕಿ, ಉದ್ದು. ಎರಡು ಪಾಲು. ಒಂದು ಪಾಲು ದೊಡ್ಡಮ್ಮ ರುಬ್ಬಿದರು, ಇನ್ನೊಂದು ಅತ್ತಿಗೆ. ದೊಡ್ಡಮ್ಮನ ಹಿಟ್ಟನ್ನು ನಾನು ಕಲ್ಲಿನ ಕಟ್ಟೆಯ ಮೇಲಿಟ್ಟೆ. ಅತ್ತಿಗೆಯದನ್ನು ಬಚ್ಚಲುಮನೆಗೆ ಒಯ್ದು ಹಂಡೆ ಒಲೆಯ ಪಕ್ಕ ಇಟ್ಟೆ. ಆ ಒಲೆ ಇನ್ನೂ ಸೌದೆಯದ್ದೇ, ರಾತ್ರಿಯೆಲ್ಲ ಕೆಂಡ ಇರುತ್ತೆ.

ಬೆಳಿಗ್ಗೆ ಬಚ್ಚಲುಮನೆಯಲ್ಲಿ ಮುಚ್ಚಳ ಪಕ್ಕಕ್ಕೆ ಬಿದ್ದಿತ್ತು. ಹಿಟ್ಟು ಉಕ್ಕಿ, ಪಾತ್ರೆಯ ಹೊರಮೈಗುಂಟ ಇಳಿದು, ಬೂದಿಯ ಮೇಲೆ ಹರಿದಿತ್ತು. ಕಟ್ಟೆಯ ಮೇಲಿದ್ದದ್ದು ಮಾತ್ರ ಕಲಸಿಟ್ಟ ಸುಣ್ಣದ ಹಾಗೆ ಹಾಗೇ ಕೂತಿತ್ತು. ದೊಡ್ಡಮ್ಮ ಎರಡರಲ್ಲೂ ಬೆರಳು ಅದ್ದಿ ನೆಕ್ಕಿ ನೋಡಿದರು. ಆಮೇಲೆ ಅಂದರು, "ನೀನು ನನಗೆ ಕೊಟ್ಟ ಪಾತ್ರೆ ಸರಿ ಇರಲಿಲ್ಲ."

ಇರಲಿ. ಅವತ್ತಿನಿಂದ ಆ ಮನೆಯ ಹಿಟ್ಟು ಬಚ್ಚಲುಮನೆಯಲ್ಲೇ ಮಲಗುತ್ತದೆ.

ಈಗ ಹೇಳಿ, ಅಲ್ಲಿ ಊಟಕ್ಕೆ ಕೂತವರು ಯಾರು? ಬ್ಯಾಕ್ಟೀರಿಯಾ. ಹೊರಗಿನಿಂದ ಬಂದವಲ್ಲ, ಉದ್ದಿನ ಬೇಳೆಯ ಜೊತೆಗೇ ಬಂದವು. ಅದರಲ್ಲಿ ಮುಖ್ಯವಾದದ್ದಕ್ಕೆ ಲ್ಯುಕೊನಾಸ್ಟಾಕ್ ಅಂತ ಹೆಸರು. ಹೆಸರು ಮರೆತುಬಿಡಿ, ಪರವಾಗಿಲ್ಲ. ಒಂದು ಮಿಲಿಮೀಟರ್ ಉದ್ದಕ್ಕೆ ಸಾಲಾಗಿ ಕೂರಿಸಿದರೆ ಸುಮಾರು 1,000 ಹಿಡಿಸುವಷ್ಟು ಚಿಕ್ಕವು. ಹಿಟ್ಟಿನ ಸಕ್ಕರೆಯಂಶ ತಿನ್ನುತ್ತವೆ, ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ. ಉದ್ದಿನ ಲೋಳೆ ಆ ಗಾಳಿಯನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಹಿಟ್ಟು ಉಬ್ಬುತ್ತೆ. ಸುಮಾರು 30 ಡಿಗ್ರಿ ಬಿಸಿ ಇದ್ದರೆ ಗಡದ್ದಾಗಿ ಉಣ್ಣುತ್ತವೆ. ಚಳಿಗೆ ಅವಕ್ಕೆ ಊಟ ಸೇರುವುದಿಲ್ಲ. ದಯವಿಟ್ಟು ಸೊಸೆಯಂದಿರ ಕೈಯನ್ನು ಬಿಟ್ಟುಬಿಡಿ. ಇದನ್ನು ನಾನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಮುಗಿಸುತ್ತೇನೆ.

ಮೊಸರು. ಅಲ್ಲೂ ಅದೇ ಕಥೆ, ಬೇರೆ ಬ್ಯಾಕ್ಟೀರಿಯಾ. ಹಾಲಿನ ಸಕ್ಕರೆ ತಿಂದು ಹುಳಿ ಮಾಡುತ್ತವೆ, ಹುಳಿಗೆ ಹಾಲು ಗಟ್ಟಿಯಾಗುತ್ತದೆ. ಕುದಿಯುವ ಹಾಲಿಗೇ ಹೆಪ್ಪು ಹಾಕಿದೆ ಅಂತ ಒಬ್ಬರು ಬರೆದಿದ್ದಾರೆ. ಅಮ್ಮಾ, ಊಟಕ್ಕೆ ಬಂದವರನ್ನೇ ಬೇಯಿಸಿಬಿಟ್ಟಿರಲ್ಲ! ಬೆರಳು ಅದ್ದಿದರೆ ಹಿತವಾಗಿರಬೇಕು, ಅಷ್ಟೇ ಬಿಸಿ.

ಸೊಳ್ಳೆ. ನಮ್ಮನ್ನು ಕಚ್ಚುವುದು ಹೆಣ್ಣು ಮಾತ್ರ. ಗಂಡಿಗೆ ಹೂವಿನ ರಸವೇ ಸಾಕು, ಹೆಣ್ಣೂ ಹಸಿವಾದರೆ ಅದನ್ನೇ ಕುಡಿಯುತ್ತದೆ. ರಕ್ತ ಬೇಕಾಗಿರುವುದು ಮೊಟ್ಟೆಗೆ. ಅಂದರೆ ಅದು ಬಸುರಿಯ ಊಟ. ನಿಮ್ಮ ರಕ್ತ ಸಿಹಿ ಅಂತ ಬರುವುದಲ್ಲ. ನಾವು ಬಿಡುವ ಉಸಿರು, ಬೆವರಿನ ವಾಸನೆ, ಮೈಯ ಬಿಸಿ, ಇವೇ ಅದಕ್ಕೆ ದಾರಿ ತೋರಿಸುವುದು. ವಾಸನೆ ಒಬ್ಬೊಬ್ಬರದ್ದು ಒಂದೊಂದು ಥರ.

ಹಾವು. ಹಾಲು ಅದರ ಊಟವೇ ಅಲ್ಲ. ಮರಿಗೆ ಹಾಲೂಡಿಸುವುದು ಹಸು, ಇಲಿ, ನಾವು. ಹಾವಿನ ತಾಯಿಗೆ ಹಾಲೇ ಇಲ್ಲ, ಮರಿಗೆ ಎಲ್ಲಿಂದ ಅಭ್ಯಾಸ ಆಗಬೇಕು? ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಹಾವನ್ನು ಹಿಡಿದು ಬಾಯಿಗೆ ಹಾಲು ಸುರಿಯಬೇಡಿ. ಅದು ತಿನ್ನುವುದು ಇಲಿ, ಕಪ್ಪೆ.

ಕೊನೆಯದು ಒಬ್ಬ ಹುಡುಗಿಯ ಪತ್ರ, ಇದಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳಬೇಕಿತ್ತು ನಾನು. "ಮೆಣಸಿನಕಾಯಿ ನನಗೆ ಖಾರ, ಗಿಳಿಗೆ ಯಾಕೆ ಖಾರ ಇಲ್ಲ?" ಎಂಥಾ ಪ್ರಶ್ನೆ ನೋಡಿ! ಇಲಿಗೆ ಕೊಟ್ಟರೆ ಬೀಜವನ್ನು ಅಗಿದು ಪುಡಿ ಮಾಡುತ್ತದೆ. ಗಿಡಕ್ಕೆ ನಷ್ಟ. ಎಷ್ಟೋ ಹಕ್ಕಿಗಳು ಹಣ್ಣನ್ನು ಇಡಿಯಾಗಿ ನುಂಗಿ, ದೂರ ಹಾರಿ, ಬೀಜವನ್ನು ಹಾಗೇ ಹಿಕ್ಕೆಯಲ್ಲಿ ಬಿಡುತ್ತವೆ. ಗಿಡಕ್ಕೆ ಲಾಭ. ಖಾರ ಉರಿಯುವುದು ಇಲಿಗೆ, ನಮಗೆ. ಹಕ್ಕಿಗಳಿಗೆ ಉರಿಯೇ ಗೊತ್ತಾಗುವುದಿಲ್ಲ. ಇಲ್ಲಿ ಊಟಕ್ಕೆ ಯಾರನ್ನು ಕೂರಿಸಬೇಕು ಅಂತ ಗಿಡವೇ ಆರಿಸಿಕೊಂಡಿದೆ. ಗಿಳಿ ಬೀಜವನ್ನೂ ಕಡಿಯುತ್ತದಲ್ಲ ಅಂತ ನೀನು ಕೇಳಬಹುದು ಪುಟ್ಟಿ. ಕೇಳು, ಅದಕ್ಕೂ ಉತ್ತರ ಇದೆ, ಆದರೆ ಇವರು ದೀಪ ಆರಿಸುತ್ತಿದ್ದಾರೆ. ನಮಸ್ಕಾರ.