ಡ್ಯೂಟಿಯ ಮಾತು ಡಾಕ್ಟರಿಗೂ ಗೊತ್ತಿರಲಿ

ಕೇಳುಗ ಬಂಧುಗಳೇ, ನಮಸ್ಕಾರ.

"ಎದಿ ಧಸಕ್ ಅಂತೈತ್ರಿ, ಹೊಟ್ಟಿ ಉರೀತೈತಿ, ರಾತ್ರಿ ನಿದ್ದಿ ಹತ್ತೂದಿಲ್ಲ." ನಮ್ಮ ಭಾಗದ ದವಾಖಾನೆಗಳಲ್ಲಿ ದಿನಾ ಕೇಳಿಬರುವ ಮಾತು. ಹೇಳುವವರು ಬಸ್ ಡ್ರೈವರ್ ಇರಬಹುದು, ತಾರಿಹಾಳದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರು ಇರಬಹುದು, ಬ್ಯಾಂಕಿನ ಸಾಲ ವಸೂಲಿಯವರು ಇರಬಹುದು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಮುಗಿಯುವ ತನಕ ಲೆಕ್ಕದ ಪುಸ್ತಕದಿಂದ ತಲೆ ಎತ್ತದ ಗುಮಾಸ್ತರು ಇರಬಹುದು. ಡಾಕ್ಟರು ಇ.ಸಿ.ಜಿ. ಮಾಡಿಸುತ್ತಾರೆ, ಗ್ಯಾಸಿನ ಗುಳಿಗೆ ಬರೆಯುತ್ತಾರೆ. ತಿಂಗಳು ಬಿಟ್ಟು ಎಂಡೋಸ್ಕೋಪಿ. ಎಲ್ಲ ರಿಪೋರ್ಟೂ ನಾರ್ಮಲ್. ವಾರದ ರಜೆ ಇಲ್ಲದೆ ಮೂರು ತಿಂಗಳಾಯಿತು, ಭಾನುವಾರ ಸಂಜೆಯಾದರೆ ಸೋಮವಾರದ ನೆನಪಿಗೇ ಹೊಟ್ಟೆ ತೊಳಸುತ್ತದೆ ಎಂಬ ಮಾತು ಮಾತ್ರ ಹೊರಗೆ ಬಂದಿರುವುದೇ ಇಲ್ಲ. ಕೇಳಲು ಡಾಕ್ಟರಿಗೆ ಹೊತ್ತಿಲ್ಲ, ಹೇಳಲು ಇವರಿಗೆ ಸಂಕೋಚ. ಕೆಲಸದ ಒತ್ತಡದ ಈ ಮಾತನ್ನು ಡಾಕ್ಟರಿಗೆ ಮುಟ್ಟಿಸುವುದು ಹೇಗೆ ಎಂಬುದೇ ಇವತ್ತಿನ ವಿಷಯ.

ಹಾಗಂತ ಇ.ಸಿ.ಜಿ. ಬೇಡ ಎಂದಲ್ಲ. ಎದೆ ಹಿಂಡಿದಂತಾಗಿ, ಬೆವತು, ನೋವು ಎಡಗೈಗೋ ದವಡೆಗೋ ಹರಿದರೆ ಮೊದಲು ತುರ್ತು ಚಿಕಿತ್ಸೆ, ಮನಸ್ಸಿನ ಮಾತು ಆಮೇಲೆ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿ-12 ಇಷ್ಟನ್ನು ಒಮ್ಮೆ ನೋಡಿಸಿಕೊಳ್ಳುವುದೂ ಒಳ್ಳೆಯದು. ಥೈರಾಯ್ಡ್ ಕಡಿಮೆಯಾದಾಗ ಬರುವ ಮಂಕು ಖಿನ್ನತೆಯ ಹಾಗೇ ಕಾಣುತ್ತದೆ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡು ವಾರ ಒಂದು ಹಾಳೆ ಇಡಿ. ದಿನಕ್ಕೊಂದು ಸಾಲು ಸಾಕು. ಹೀಗೆ: "ಮಂಗಳವಾರ. ಪಾಳಿ ರಾತ್ರಿ 10ರಿಂದ 6. ಮಲಗಿದ್ದು ಬೆಳಗ್ಗೆ 8, ಎದ್ದದ್ದು 11. ಚಹಾ 7 ಸಲ, ತಂಬಾಕು 5 ಸಲ. ನಸುಕಿನ 3ಕ್ಕೆ ಎದೆ ಬಡಿತ, 20 ನಿಮಿಷ, ಸಾಹೇಬರ ಫೋನ್ ಬಂದ ಮೇಲೆ." ರಜೆಯ ದಿನದ ಸಾಲನ್ನಂತೂ ತಪ್ಪಿಸಬೇಡಿ, ಡಾಕ್ಟರು ಮೊದಲು ಹುಡುಕುವುದು ಅದನ್ನೇ. ರಜೆಯಲ್ಲಿ ನಿದ್ದೆ ಬಂದು, ಊಟ ರುಚಿಸಿ, ಡ್ಯೂಟಿ ಹತ್ತಿರ ಬಂದಂತೆ ಕಳವಳ ಏರಿದರೆ ಅದು ಕೆಲಸದ ಒತ್ತಡದ ಕಡೆಗೆ ಬೆರಳು ತೋರಿಸುತ್ತದೆ. ರಜೆಯಲ್ಲೂ ಯಾವುದೂ ಬೇಡವೆನಿಸಿ, ಎರಡು ವಾರ ದಿನದ ಬಹುಪಾಲು ಅದೇ ಸ್ಥಿತಿ ಇದ್ದರೆ ಖಿನ್ನತೆಯನ್ನು ವಿಚಾರಿಸಲೇಬೇಕು. ಕುಡಿಯುವ ಲೆಕ್ಕವನ್ನೂ ಮುಚ್ಚಿಡದೆ ಬರೆಯಿರಿ. ದಿನಾ ಹೆಚ್ಚು ಕುಡಿಯುವವರು "ನಾಳೆಯಿಂದ ಬಂದ್" ಎಂದು ತಾವಾಗಿಯೇ ಥಟ್ಟನೆ ಬಿಟ್ಟರೆ ಎರಡು ದಿನದೊಳಗೆ ನಡುಕ, ಫಿಟ್ಸ್ ಬರಬಹುದು. ಬಿಡುವುದಕ್ಕೂ ಔಷಧ ಉಂಟು.

ಎಲ್ಲಿಗೆ ಹೋಗಬೇಕು? ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಈ ವಾರ ಬರುತ್ತಾರೋ ಇಲ್ಲವೋ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಗದಗಿನವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯವರಿಗೆ ಕೆ.ಎಂ.ಸಿ.ಆರ್.ಐ., ಅಂದರೆ ಹಿಂದಿನ ಕಿಮ್ಸ್, ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. 'ಧಾರವಾಡಕ್ಕ ಕಳಸಬೇಕಾತು' ಎಂದು ನಾವೇ ಚಾಷ್ಟಿ ಮಾಡಿ ಮಾಡಿ ಆ ಹೊಸ್ತಿಲು ಎತ್ತರ ಮಾಡಿಟ್ಟಿದ್ದೇವೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಜಾಗ ನಿಜ. ಇವತ್ತು ಅಲ್ಲಿನ ಹೊರರೋಗಿ ಸಾಲಿನಲ್ಲಿ ತಲೆನೋವಿನವರು, ನಿದ್ದೆಗೆಟ್ಟವರು, ಪರೀಕ್ಷೆಯ ಭಯದ ಹುಡುಗರು ಎಲ್ಲರೂ ಕೂತಿರುತ್ತಾರೆ. ಮೊದಲ ದಿನ ವಿವರವಾಗಿ ಕೇಳಿ ಬರೆದುಕೊಳ್ಳುತ್ತಾರೆ, ಅರ್ಧ ದಿನ ಬೇಕು. ನಿಮ್ಮ ನಿದ್ದೆ, ಸಿಟ್ಟು ಕಂಡ ಮನೆಯವರೊಬ್ಬರು ಜೊತೆಗಿರಲಿ. ಫೈಲ್ ನಂಬರ್ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಒಳಗೆ ಹೋದ ಕೂಡಲೇ ಮೊದಲ ಎರಡು ನಿಮಿಷದಲ್ಲೇ ಕೆಲಸದ ಮಾತು ಬರಲಿ: ಏನು ಕೆಲಸ, ಎಷ್ಟು ತಾಸು, ಯಾವಾಗಿನಿಂದ ಏನು ಬದಲಾಯಿತು. ವಾಹನ ಓಡಿಸುತ್ತೀರೋ, ಯಂತ್ರದ ಮುಂದೆ ನಿಲ್ಲುತ್ತೀರೋ, ಅದನ್ನು ಕೇಳುವ ತನಕ ಕಾಯಬೇಡಿ. ಕೆಲವು ಗುಳಿಗೆಗಳು ಮಂಪರು ತರುತ್ತವೆ. ಚೀಟಿಯಲ್ಲಿ 0-0-1 ಎಂದಿದ್ದರೆ ಹಗಲು ಪಾಳಿಯವರಿಗೆ ರಾತ್ರಿ ಊಟವಾದ ಮೇಲೆ ಎಂದರ್ಥ. ರಾತ್ರಿ ಪಾಳಿಯವರು ಅದನ್ನೇ ನುಂಗಿ ಡ್ಯೂಟಿಗೆ ಹತ್ತಿದರೆ ಸ್ಟೇರಿಂಗ್ ಮೇಲೆ ಕಣ್ಣು ಮುಚ್ಚುತ್ತದೆ. "ನಾನು ಮಲಗೂದು ಬೆಳಗ್ಗೆ 8ಕ್ಕ, ಇದನ್ನ ಯಾವಾಗ ತೊಗೊಳ್ಳಿ?" ಎಂದು ಅಲ್ಲೇ ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ.

ಖಿನ್ನತೆ, ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್ಸಿಟಾಲೊಪ್ರಾಂ, ಸರ್ಟ್ರಲೀನ್‌ನಂಥ ಗುಳಿಗೆಗಳ ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಆದರೆ ವಾಕರಿಕೆ, ತಲೆನೋವು, ಒಂಥರಾ ಚಡಪಡಿಕೆ ಮೊದಲ ವಾರವೇ ಬರಬಹುದು. ಹೆಚ್ಚಿನವರು ಬಿಡುವುದು ಈ ಸಂದಿಯಲ್ಲೇ. ತೊಂದರೆ ಜೋರಾದರೆ ಡಾಕ್ಟರಿಗೆ ಹೇಳಿ, ಪ್ರಮಾಣ ಬದಲಿಸುತ್ತಾರೆ. ಆರಾಮಾದ ಮೇಲೂ ಆರೇಳು ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಆಲ್‌ಪ್ರಜೋಲಾಂ, ಕ್ಲೋನಜೆಪಾಂ ಜಾತಿಯ ನಿದ್ದೆ ಗುಳಿಗೆಗಳ ಮಾತು ಬೇರೆ. ಅವು ಅರ್ಧ ತಾಸಿನಲ್ಲಿ ಹಿತವೆನಿಸುತ್ತವೆ, ಅಪಾಯವೂ ಆ ಹಿತದಲ್ಲೇ ಇದೆ. ಹಳೇ ಚೀಟಿ ತೋರಿಸಿ ಔಷಧದಂಗಡಿಯಲ್ಲಿ ತಿಂಗಳುಗಟ್ಟಲೆ ಕೊಂಡರೆ ಅವಿಲ್ಲದೆ ನಿದ್ದೆಯೇ ಬಾರದು.

"ಇರೂದಕ್ಕಿಂತ ಹೋಗೂದ ಚಲೋ" ಎಂಬ ಮಾತು ಬಾಯಿಗೆ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಇಪ್ಪತ್ನಾಲ್ಕೂ ತಾಸು, ಕನ್ನಡದಲ್ಲಿ ಮಾತಾಡುತ್ತಾರೆ. ಮನೆಯವರು ಹಾಗೆ ಹೇಳಿದವರನ್ನು ಒಬ್ಬರನ್ನೇ ಬಿಡಬೇಡಿ. ಕೀಟನಾಶಕ, ಗುಳಿಗೆ ಡಬ್ಬಿ ಕೈಗೆ ಸಿಗದ ಹಾಗೆ ಕೀಲಿ ಹಾಕಿ, ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಇನ್ನು ರಜೆಯ ವಿಚಾರ. 'ಬರ್ನ್‌ಔಟ್', ಅಂದರೆ ಕೆಲಸದ ಒತ್ತಡದಲ್ಲಿ ಬಸವಳಿದು ಹೋಗುವುದು, ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಪಟ್ಟಿಗೆ ಸೇರಿಸಿತು, ರೋಗ ಎಂದಲ್ಲ. ಹಾಗಾಗಿ ಆ ಒಂದೇ ಪದದ ಸರ್ಟಿಫಿಕೇಟ್ ಕಚೇರಿಯಲ್ಲಿ ನಿಲ್ಲುವುದು ಕಷ್ಟ. ಪರೀಕ್ಷಿಸಿ ಕಂಡ ಕಾಯಿಲೆ, ಎಂದಿನಿಂದ ಎಂದಿನವರೆಗೆ ವಿಶ್ರಾಂತಿ, ವೈದ್ಯರ ನೋಂದಣಿ ಸಂಖ್ಯೆ ಇವು ಇರಬೇಕು. ಸಾಹೇಬರು ಆಸ್ಪತ್ರೆಗೆ ಫೋನ್ ಮಾಡಿ "ಅವಂಗ ಏನಾಗೈತಿ?" ಎಂದು ಕೇಳಿದರೆ ನಿಮ್ಮ ಒಪ್ಪಿಗೆಯಿಲ್ಲದೆ ಡಾಕ್ಟರು ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆರೋಗ್ಯ ವಿಮೆಯೂ ಮನೋರೋಗವನ್ನು ದೇಹದ ರೋಗದ ಸಮಕ್ಕೆ ನೋಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ಎಷ್ಟೋ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡುತ್ತವೆ, ಹೊರರೋಗಿ ಚೀಟಿಗೆ ಇಲ್ಲ.

ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ, ಇದ್ದವರು ಗಮನಿಸಿ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ತುಂಬಿದ್ದರೆ, ಕಾಯಿಲೆ ರಜೆಗೆ ಸರಾಸರಿ ದಿನಗೂಲಿಯ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದ ತನಕ ಸಿಗುತ್ತದೆ. ಖಾಸಗಿ ಡಾಕ್ಟರ ಸರ್ಟಿಫಿಕೇಟನ್ನಷ್ಟೇ ಹಿಡಿದು ಕೂತು, ರಜೆ ಮುಗಿದ ಮೇಲೆ ಇ.ಎಸ್.ಐ. ಕಡೆ ಹೋದವರು ತೊಡಕಿಗೆ ಬೀಳುತ್ತಾರೆ. ರಜೆ ಶುರುವಾದ ದಿನವೇ ಇ.ಎಸ್.ಐ. ದವಾಖಾನೆಗೆ ಹೋಗಿ, ಮನೋವೈದ್ಯರ ಚೀಟಿ ತೋರಿಸಿ, ಅಲ್ಲಿನ ಸರ್ಟಿಫಿಕೇಟ್ ಪಡೆಯಿರಿ.

ಕೆಲಸಕ್ಕೆ ಮರಳುವಾಗ 'ಫಿಟ್' ಎಂಬ ಒಂದೇ ಪದಕ್ಕೆ ಸುಮ್ಮನಾಗಬೇಡಿ. ಇನ್ನೂ ಗುಳಿಗೆ ನಡೆದಿದ್ದರೆ "ನಾಲ್ಕು ವಾರ ರಾತ್ರಿ ಪಾಳಿ ಬೇಡ" ಎಂಬಂಥ ಸಲಹೆಯನ್ನು ದಿನಾಂಕ ಸಮೇತ ಬರೆಸಿಕೊಳ್ಳಿ. ಎರಡು ಪ್ರತಿ ಇರಲಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ತಲುಪಿದ ಸಹಿ, ಶಿಕ್ಕಾ ಹಾಕಿಸಿಕೊಳ್ಳಿ. ನಮಸ್ಕಾರ.