ಕುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಜೀನಿನ ಹುಡುಕಾಟ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯಕ್ಕೆ ಕುರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ತುಮಕೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಶಿರಾ, ಪಾವಗಡ, ಮಧುಗಿರಿ ಕಡೆ ಮಂದೆಗಳಿಗೆ ಕೊರತೆಯಿಲ್ಲ. ಮಳೆ ಹಿಡಿದ ಮೇಲೆ ಜಠರದ ಹುಳು ರಕ್ತ ಹೀರಿ, ಗದ್ದ ಊದಿ, ಕಣ್ಣಿನ ಒಳರೆಪ್ಪೆ ಬಿಳಿಚಿದ ಕುರಿಗಳನ್ನು ಇಲ್ಲಿರುವ ಪಶುವೈದ್ಯರೆಲ್ಲ ಕಂಡಿದ್ದೀರಿ. ಹಾಗೆ ರಕ್ತ ಕಳೆದುಕೊಂಡ ಕುರಿ ಹೊಸ ರಕ್ತಕಣಗಳಲ್ಲಿ ಯಾವ ಹಿಮೋಗ್ಲೋಬಿನ್ ತುಂಬುತ್ತದೆ ಎಂಬುದು ಅದು ತಂದೆತಾಯಿಯಿಂದ ಪಡೆದ ಜೀನುಗಳ ಮೇಲೆ ನಿಂತಿದೆ.

ಕುರಿಯಲ್ಲಿ ಎ ಮತ್ತು ಬಿ ಎಂಬ ಎರಡು ಬಗೆಯ ಹಿಮೋಗ್ಲೋಬಿನ್ ಇರುವುದು 1950ರ ದಶಕದಲ್ಲೇ ಗೊತ್ತಾಯಿತು. ಹಿಮೋಗ್ಲೋಬಿನ್ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಪ್ರೋಟೀನು ಸರಪಳಿಗಳಿಂದ ಆದದ್ದು, ವ್ಯತ್ಯಾಸ ಇರುವುದು ಬೀಟಾ ಸರಪಳಿಯಲ್ಲಿ. ಎ ಬಗೆ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ರಕ್ತಹೀನತೆ ಬಂದಾಗ ಎ ಇರುವ ಕುರಿ ಅದರ ಬದಲು ಸಿ ಎಂಬ ಮೂರನೆಯ ಬಗೆಯನ್ನು ತಯಾರಿಸಲು ಶುರುಮಾಡುತ್ತದೆ. ತಂದೆತಾಯಿ ಇಬ್ಬರಿಂದಲೂ ಬಿ ಪಡೆದ ಬಿಬಿ ಕುರಿಗೆ ಇದು ಸಾಧ್ಯವೇ ಇಲ್ಲ, ಏಕೆಂದರೆ ಅದರಲ್ಲಿ ಸಿ ಜೀನೇ ಇಲ್ಲ. ಎ ವರ್ಣತಂತುವಿನಲ್ಲಿ ಬೀಟಾ ಕುಟುಂಬದ 12 ಜೀನುಗಳು ಸಾಲಾಗಿ ಕೂತಿದ್ದರೆ ಬಿ ವರ್ಣತಂತುವಿನಲ್ಲಿ ಇರುವುದು 8. ನಾಲ್ಕರ ಒಂದು ಕಟ್ಟೇ ಕಾಣೆ. ಈ 12 ಮತ್ತು 8ರ ಲೆಕ್ಕ ನೆನಪಿರಲಿ. ಮುಂದೆ ಹೇಳುವ ತಪ್ಪುಗಳಲ್ಲಿ ಅರ್ಧದಷ್ಟು ಇದನ್ನು ಮರೆತದ್ದರಿಂದಲೇ ಆಗುವಂಥವು.

ಮೊದಲು ಪ್ರೋಟೀನನ್ನೇ ನೋಡೋಣ. ಕೆಂಪುಕಣಗಳನ್ನು 0.9 ಶೇಕಡ ಉಪ್ಪುನೀರಿನಲ್ಲಿ ಮೂರು ಸಲ ತೊಳೆದು, ಅಷ್ಟೇ ಪ್ರಮಾಣದ ಬಟ್ಟಿ ಇಳಿಸಿದ ನೀರು ಸೇರಿಸಿ ಒಡೆದು, ಸೆಲ್ಯುಲೋಸ್ ಅಸಿಟೇಟ್ ಪಟ್ಟಿಯ ಮೇಲೆ ಪಿಎಚ್ 8.6ರ ಬಫರಿನಲ್ಲಿ ವಿದ್ಯುತ್ ಹರಿಸಿದರೆ ಎ ಮುಂದೆ ಓಡುತ್ತದೆ, ಬಿ ಹಿಂದೆ ಉಳಿಯುತ್ತದೆ. ಎಬಿ ಕುರಿಯಲ್ಲಿ ಎರಡೂ ಗೆರೆ ಕಾಣುತ್ತವೆ. ಸುಲಭ ಅನ್ನಿಸುತ್ತದೆ, ಆದರೆ ಮೋಸ ಇಲ್ಲೇ ಇದೆ. ಹುಳು ಬಿದ್ದು ಸೊರಗಿದ ಎಎ ಕುರಿಯಲ್ಲಿ ಸಿ ಗೆರೆಯೂ ಎ ಹಿಂದೆ ನಿಂತಿರುತ್ತದೆ. ಅದನ್ನೇ ಬಿ ಎಂದುಕೊಂಡು ಎಬಿ ಎಂದು ಬರೆದುಬಿಡುತ್ತಾರೆ. ಎಳೆಮರಿಯಲ್ಲಿ ಭ್ರೂಣದ ಹಿಮೋಗ್ಲೋಬಿನ್ ಇನ್ನೂ ಇರುತ್ತದೆ. ಆದ್ದರಿಂದ ಮೂರು ತಿಂಗಳು ತುಂಬದ ಮರಿಯನ್ನೂ ಬಿಳಿಚಿದ ಕುರಿಯನ್ನೂ ಈ ಪರೀಕ್ಷೆಯಿಂದ ಹೊರಗಿಡಿ. ಎ ಬಗೆಯ ಕುರಿಗೆ ಹುಳು ಕಡಿಮೆ ಎಂದು ತೋರಿಸಿದ ಅಧ್ಯಯನಗಳಿವೆ, ವ್ಯತ್ಯಾಸವೇ ಕಾಣದ ಅಧ್ಯಯನಗಳೂ ಇವೆ. ಇಷ್ಟನ್ನೇ ನಂಬಿ ಟಗರು ಆರಿಸುವುದು ಆತುರವಾದೀತು.

ಇನ್ನು ಡಿಎನ್‌ಎ. ಹಿಮೋಗ್ಲೋಬಿನ್ ಇರುವುದು ಕೆಂಪುಕಣದಲ್ಲಿ, ಅದರ ಜೀನು ಸಿಗುವುದು ಬಿಳಿಕಣದಲ್ಲಿ. ಸಸ್ತನಿಯ ಬೆಳೆದ ಕೆಂಪುಕಣಕ್ಕೆ ಕೋಶಕೇಂದ್ರವೇ ಇಲ್ಲ. (ಕೋಳಿಯದಕ್ಕೆ ಇದೆ, ಅದಕ್ಕೇ ಕೋಳಿಯ ಒಂದು ತೊಟ್ಟು ರಕ್ತ ಸಾಕು.) ಹಾಗಾಗಿ ನಮಗೆ ಬೇಡವಾದ ಕೆಂಪನ್ನು ತೊಳೆದು ಕಳೆಯುವುದೇ ಅರ್ಧ ಕೆಲಸ. ಕುತ್ತಿಗೆಯ ರಕ್ತನಾಳದಿಂದ 5 ಮಿಲಿಲೀಟರ್ ರಕ್ತವನ್ನು ಹೆಪ್ಪುಗಟ್ಟಲು ಬಿಡದ ಇಡಿಟಿಎ ಇರುವ ನೇರಳೆ ಮುಚ್ಚಳದ ಕೊಳವೆಗೆ ತೆಗೆದು, ತಕ್ಷಣ 8–10 ಸಲ ನಿಧಾನವಾಗಿ ತಲೆಕೆಳಗು ಮಾಡಿ. ಮಾಡದಿದ್ದರೆ ತಳದಲ್ಲಿ ಹೆಪ್ಪು, ಹೆಪ್ಪಿನಲ್ಲಿ ಸಿಕ್ಕಿಕೊಂಡ ಬಿಳಿಕಣ. ಹಸಿರು ಮುಚ್ಚಳದ ಹೆಪಾರಿನ್ ಕೊಳವೆ ಬೇಡ, ಅದು ಪಿಸಿಆರ್‌ನ (ಡಿಎನ್‌ಎಯ ಬೇಕಾದ ತುಣುಕನ್ನು ಲಕ್ಷಗಟ್ಟಲೆ ನಕಲು ಮಾಡುವ ವಿಧಾನ) ಕಿಣ್ವವನ್ನು ತಡೆಯುತ್ತದೆ. ಪಾವಗಡದ ಬಿಸಿಲಿನಲ್ಲಿ ರಕ್ತ ತೆಗೆದರೆ ಐಸ್ ಡಬ್ಬಿ ಬೇಕೇ ಬೇಕು, ಆದರೆ ಕೊಳವೆ ನೇರವಾಗಿ ಐಸಿಗೆ ತಾಗಿ ಹೆಪ್ಪುಗಟ್ಟದಂತೆ ನಡುವೆ ಬಟ್ಟೆ ಸುತ್ತಿ.

ಒಂದು ಪಾಲು ರಕ್ತಕ್ಕೆ ಮೂರು ಪಾಲು ಅಮೋನಿಯಂ ಕ್ಲೋರೈಡ್ ದ್ರಾವಣ (155 ಮಿಲಿಮೋಲಾರ್) ಹಾಕಿ, ಐಸಿನಲ್ಲಿ 15 ನಿಮಿಷ ಇಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ಕೆಂಪು ನೀರು ಚೆಲ್ಲಿ. ತಳದ ಗುಳಿಗೆ ಬೆಳ್ಳಗಾಗುವ ತನಕ ಎರಡೋ ಮೂರೋ ಸಲ ಇದೇ ಕೆಲಸ. ಗುಲಾಬಿ ಬಣ್ಣ ಉಳಿದರೆ ಹೀಮ್ ಉಳಿದಿದೆ ಎಂದೇ ಅರ್ಥ, ಮತ್ತು ಹೀಮ್ ಕೂಡ ಪಿಸಿಆರ್‌ನ ಶತ್ರು. ಆಮೇಲೆ ಕಣ ಒಡೆಯುವ ಎಸ್‌ಡಿಎಸ್, ಪ್ರೋಟೀನು ಕರಗಿಸುವ ಪ್ರೋಟಿನೇಸ್ ಕೆ ಹಾಕಿ 55 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಮರುದಿನ ಫೀನಾಲ್–ಕ್ಲೋರೋಫಾರ್ಮ್, ಕೈಗವಸು ಮತ್ತು ಹೊಗೆ ಎಳೆಯುವ ಕಪಾಟು ಇಲ್ಲದೆ ಇದನ್ನು ಮುಟ್ಟಬೇಡಿ. ಕೊನೆಗೆ ಎರಡು ಪಟ್ಟು ಪ್ರಮಾಣದ ತಣ್ಣನೆಯ ಎಥನಾಲಿನಲ್ಲಿ ಬಿಳಿ ನೂಲಿನಂತೆ ಡಿಎನ್‌ಎ ತೇಲುತ್ತದೆ. ಎಷ್ಟು ಸಿಗಬೇಕು? ಮೈಕ್ರೋಲೀಟರಿಗೆ 8000 ಬಿಳಿಕಣ ಎಂದರೆ ಮಿಲಿಲೀಟರಿಗೆ 80 ಲಕ್ಷ; ಒಂದೊಂದರಲ್ಲಿ ಸುಮಾರು 6 ಪಿಕೋಗ್ರಾಂ; ಅಂದರೆ ಒಂದು ಮಿಲಿಲೀಟರ್ ರಕ್ತಕ್ಕೆ 48 ಮೈಕ್ರೋಗ್ರಾಂ. ಅರ್ಧ ಕೈಗೆ ಬಂದರೂ ಒಳ್ಳೆಯ ಕೆಲಸವೇ.

ಪಿಸಿಆರ್ ಹಂತಕ್ಕೆ ಬಂದಾಗ 12ರ ಲೆಕ್ಕ ಮತ್ತೆ ಎದುರಾಗುತ್ತದೆ. 25 ಮೈಕ್ರೋಲೀಟರಿನಲ್ಲಿ 50–100 ನ್ಯಾನೋಗ್ರಾಂ ಡಿಎನ್‌ಎ, ಎರಡೂ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಚಿಕ್ಕ ಡಿಎನ್‌ಎ ತುಣುಕು) ತಲಾ 10 ಪಿಕೋಮೋಲ್, 35 ಸುತ್ತು: ಇವೆಲ್ಲ ಎಲ್ಲರಿಗೂ ಗೊತ್ತಿರುವ ಅಡುಗೆ. ಬೀಟಾ ಎ, ಸಿ, ಭ್ರೂಣದ ಎಫ್ ಮತ್ತು ಕೆಲಸಕ್ಕೆ ಬಾರದ ಹುಸಿ ಜೀನುಗಳು ಅಣ್ಣತಮ್ಮಂದಿರಂತೆ ಒಂದೇ ಹೋಲಿಕೆಯವು. ಎಕ್ಸಾನಿನ (ಜೀನಿನಲ್ಲಿ ಪ್ರೋಟೀನಿನ ಸಂಕೇತ ಇರುವ ಭಾಗ) ನಡುವೆ ಪ್ರೈಮರ್ ಕೂರಿಸಿದರೆ ಎಲ್ಲವೂ ಒಟ್ಟಿಗೆ ವೃದ್ಧಿಯಾಗಿ, ಜೆಲ್ ಮೇಲೆ ಒಂದೇ ಚೊಕ್ಕ ಗೆರೆ ಬರುತ್ತದೆ. ಬೆಂಗಳೂರಿನಿಂದ ಅನುಕ್ರಮ ಓದಿಸಿ ತಂದಾಗ ಅಲ್ಲಲ್ಲಿ ಜೋಡಿ ಶಿಖರ, ಅಂದರೆ ಒಂದೇ ಜಾಗದಲ್ಲಿ ಎರಡು ಅಕ್ಷರ. ಅದನ್ನು ಎಬಿ ಎಂದು ಓದಿದರೆ ತಪ್ಪು. ಅದು ಒಂದೇ ಜೀನಿನ ಎರಡು ರೂಪಗಳಲ್ಲ (ಆಲೀಲು), ಎರಡು ಬೇರೆ ಜೀನುಗಳು. ಪ್ರೈಮರಿನ 3′ (ತ್ರೀ ಪ್ರೈಮ್) ತುದಿಯ, ಅಂದರೆ ನಕಲು ಮುಂದುವರಿಯುವ ತುದಿಯ, ಕೊನೆಯ ಅಕ್ಷರವನ್ನು ಈ ಜೀನುಗಳು ಬೇರೆಯಾಗುವ ಜಾಗದ ಮೇಲೇ ನಿಲ್ಲಿಸಬೇಕು. ಎಕ್ಸಾನುಗಳ ನಡುವಿನ ಇಂಟ್ರಾನಿನಲ್ಲಿ ಅಥವಾ ಜೀನಿನ ಹೊರಬದಿಯಲ್ಲಿ ಅಂಥ ಜಾಗ ಸಿಗುವ ಸಂಭವ ಹೆಚ್ಚು.

ಇನ್ನು ಯಾವ ಜೀನು ಎಲ್ಲಿದೆ ಎಂಬ ನಕ್ಷೆಯ ವಿಚಾರ. ಕುರಿಗೆ 27 ಜೋಡಿ ವರ್ಣತಂತು. ಬೀಟಾ ಗ್ಲೋಬಿನ್ 15ನೆಯದರ ಮೇಲೆ, ಆಲ್ಫಾ 24ರ ಮೇಲೆ, ರಕ್ತದ ಇತರ ಪ್ರೋಟೀನುಗಳಾದ ಟ್ರಾನ್ಸ್‌ಫೆರಿನ್ 1ರ ಮೇಲೆ, ಆಲ್ಬುಮಿನ್ 6ರ ಮೇಲೆ. ಬೀಟಾ ಜೀನಿನ ಅಕ್ಕಪಕ್ಕದ ಡಿಎನ್‌ಎ ಗುರುತು ಅದರಿಂದ ಎಷ್ಟು ದೂರ ಎಂದು ತಿಳಿಯಲು ಎಬಿ ಟಗರಿಗೆ ಬಿಬಿ ಕುರಿಗಳನ್ನು ಕೂಡಿಸಿ, ಟಗರಿನಲ್ಲಿ ಜೊತೆಗಿದ್ದ ಜೀನು ಮತ್ತು ಗುರುತು ಎಷ್ಟು ಮರಿಗಳಲ್ಲಿ ಬೇರೆಯಾಗಿ ಅದಲುಬದಲಾಗಿವೆ ಎಂದು ಎಣಿಸುತ್ತೇವೆ. ಟಗರಿನಲ್ಲಿ ಯಾವ ಗುರುತು ಯಾವುದರ ಜೊತೆಗಿದೆ ಎಂದು ಮೊದಲೇ ಗೊತ್ತಿದ್ದು, 10 ಮರಿಗಳಲ್ಲಿ ಒಂದೂ ಅದಲುಬದಲಾಗದಿದ್ದರೆ ಲಾಡ್ ಅಂಕ (ಎರಡೂ ಹತ್ತಿರ ಇವೆ ಎಂಬುದಕ್ಕೆ ಪುರಾವೆ ಎಷ್ಟು ಬಲವಾಗಿದೆ ಎಂಬ ಅಳತೆ) 10×0.301, ಅಂದರೆ 3.01, ಒಪ್ಪಿತ ಗಡಿಯಾದ 3ನ್ನು ದಾಟಿತು. ಹತ್ತರಲ್ಲಿ ಒಂದು ಮರಿ ಅದಲುಬದಲಾಗಿದೆ ಎಂದು ಎಣಿಕೆಯಾದರೆ 1.60ಕ್ಕೆ ಕುಸಿಯುತ್ತದೆ. ಆ ಒಂದು ಮರಿ ನಿಜಕ್ಕೂ ಈ ಟಗರಿನದೇ? ನಮ್ಮ ಮಂದೆಗಳಲ್ಲಿ ಮೂರ್ನಾಲ್ಕು ಟಗರುಗಳು ಒಟ್ಟಿಗೇ ಮೇಯುತ್ತವೆ, ಕುರಿಗಾಹಿಯ ನೆನಪು ಎಷ್ಟೇ ಗಟ್ಟಿಯಾಗಿದ್ದರೂ ತಂದೆಯನ್ನು ಅದರಿಂದ ನಿರ್ಧರಿಸಲಾಗದು. ಬೆದೆಯ ಚಕ್ರ 17 ದಿನ. ಬೇರೆ ಟಗರುಗಳನ್ನು ಎರಡು ಚಕ್ರ ಮೊದಲೇ ಬೇರ್ಪಡಿಸಿ, ನಮ್ಮ ಟಗರನ್ನು ಬಿಟ್ಟ ದಿನ ಬರೆದಿಡಿ. ಆ ದಿನದಿಂದ ಕುರಿಯ ಗರ್ಭದ ಅವಧಿಯಾದ 145 ದಿನಕ್ಕಿಂತ ಸಾಕಷ್ಟು ಮೊದಲೇ ಹುಟ್ಟಿದ ಮರಿ ಲೆಕ್ಕಕ್ಕಿಲ್ಲ. ಉಳಿದವನ್ನೂ ಬೇರೆ ಡಿಎನ್‌ಎ ಗುರುತುಗಳಿಂದ ತಂದೆ ಹೌದೇ ಎಂದು ಪರೀಕ್ಷಿಸಿಯೇ ಎಣಿಸಿ.

ಪೂರ್ಣ ಜೀನೋಮ್ (ಕುರಿಯ ಇಡೀ ಡಿಎನ್‌ಎ) ಓದಿಸುವವರಿಗೆ ಒಂದು ಮಾತು. 2014ರಲ್ಲಿ ಪ್ರಕಟವಾದ ಕುರಿಯ ಜೀನೋಮ್ ಟೆಕ್ಸೆಲ್ ತಳಿಯದು, ನಮ್ಮ ಕುರಿಯದಲ್ಲ. ನೀವು ಹೋಲಿಕೆಗೆ ಇಟ್ಟುಕೊಂಡ ಜೀನೋಮಿನಲ್ಲಿ ಈ ಜಾಗದಲ್ಲಿ 12 ಜೀನಿದೆಯೇ, 8 ಇದೆಯೇ ಎಂದು ಮೊದಲು ಎಣಿಸಿ. 8 ಇದ್ದರೆ, ನಿಮ್ಮ ಎಎ ಕುರಿಯ ಎ ಮತ್ತು ಸಿ ಜೀನಿರುವ ಎರಡು ಕಟ್ಟುಗಳ ತುಣುಕುಗಳು ಒಂದೇ ಕಟ್ಟಿನ ಮೇಲೆ ರಾಶಿ ಬೀಳುತ್ತವೆ. ಅಲ್ಲಿ ಓದಿನ ಆಳ (ಒಂದೇ ಜಾಗವನ್ನು ಎಷ್ಟು ಸಲ ಓದಲಾಗಿದೆ ಎಂಬ ಎಣಿಕೆ) ಸುತ್ತಮುತ್ತಲಿಗಿಂತ ಎರಡು ಪಟ್ಟು, ಎಬಿಯಲ್ಲಿ ಒಂದೂವರೆ ಪಟ್ಟು, ಬಿಬಿಯಲ್ಲಿ ಸಮ. ಗಣಕ ಹೇಳಿದ ಬಗೆಗೂ ಈ ಆಳಕ್ಕೂ ತಾಳೆಯಾಗದಿದ್ದರೆ ಆಳವನ್ನೇ ನಂಬಿ, ಅದೇ ಕುರಿಯ ರಕ್ತವನ್ನು ಮತ್ತೊಮ್ಮೆ ಸೆಲ್ಯುಲೋಸ್ ಅಸಿಟೇಟ್ ಪಟ್ಟಿಯ ಮೇಲೆ ಓಡಿಸಿ ನೋಡಿ.